ಕಪಾಟಿನಿಂದ ಗೋಡೆಗೆ: ಒಂದು ಶಾಖಾ ಗ್ರಂಥಾಲಯ ಕಟ್ಟಿದ ದಾಖಲೆ

ಬಡಾವಣೆಗೆ ಹೊಸದಾಗಿ ಮಂಜೂರಾದ ಶಾಖಾ ಗ್ರಂಥಾಲಯಕ್ಕೆ ನನ್ನನ್ನು ಗ್ರಂಥಪಾಲಕಿಯಾಗಿ ನೇಮಿಸಿದಾಗ ನಿವೇಶನದಲ್ಲಿ ಇದ್ದದ್ದು ಹುಲ್ಲು ಮತ್ತು ನಾಲ್ಕು ಮೂಲೆಗಳಲ್ಲಿ ನೆಟ್ಟ ಗೂಟಗಳು ಮಾತ್ರ. ಕಟ್ಟಡ ಮುಗಿದ ಮೇಲೆ ಬೀಗದ ಕೈ ಪಡೆದು ಒಳಗೆ ಹೋಗುವುದು ಸಾಮಾನ್ಯ ಪದ್ಧತಿ. ಹಾಗೆ ಬೀಗದ ಕೈ ಪಡೆದ ಮೂರು ಕಟ್ಟಡಗಳಲ್ಲಿ ನಾನು ಈ ಮೊದಲು ಕೆಲಸ ಮಾಡಿದ್ದೆ. ಮೂರರಲ್ಲೂ ಕಪಾಟುಗಳು ಕಂಬಗಳಿಗೆ ಹೆದರಿ, ಕಿಟಕಿಗಳಿಗೆ ಬೆನ್ನು ಹಾಕಿ, ದೀಪಗಳಿಗೆ ಅಡ್ಡವಾಗಿ ನಿಂತಿದ್ದವು. ಆದ್ದರಿಂದ ಈ ಸಲ ನಕ್ಷೆ ಬರೆಯುವ ಮೊದಲ ಸಭೆಯಲ್ಲೇ ನನಗೆ ಒಂದು ಕುರ್ಚಿ ಬೇಕೆಂದು ಕೇಳಿದೆ. ಸಿಕ್ಕಿತು. ಅಲ್ಲಿಂದ ಮುಂದೆ ನಿವೇಶನದಲ್ಲಿ ಬರೆದಿಟ್ಟುಕೊಂಡ ಪುಸ್ತಕದಿಂದ ಈ ದಾಖಲೆಯನ್ನು ತೆಗೆದಿದ್ದೇನೆ. ಮುಂದೆ ಇಂಥ ಕೆಲಸ ಹಿಡಿಯುವವರಿಗೆ ನಮ್ಮ ಲೆಕ್ಕಗಳೂ ನಮ್ಮ ತಪ್ಪುಗಳೂ ಸಮಾನವಾಗಿ ಉಪಯೋಗಕ್ಕೆ ಬರಬಹುದು.

ಮೊದಲ ವಾರ ನಾನು ಮಾಡಿದ್ದು ಅಳೆಯುವ ಕೆಲಸ. ಅಂತರರಾಷ್ಟ್ರೀಯ ಗ್ರಂಥಾಲಯ ಒಕ್ಕೂಟವಾದ ಇಫ್ಲಾದ 2001ರ ಮಾರ್ಗಸೂಚಿಯು ಸಾರ್ವಜನಿಕ ಗ್ರಂಥಾಲಯದಲ್ಲಿ ತಲೆಗೆ 1.5ರಿಂದ 2.5 ಪುಸ್ತಕಗಳಿರಬೇಕೆಂದೂ, ಎಷ್ಟೇ ಚಿಕ್ಕ ಶಾಖೆಯಾದರೂ 2,500ಕ್ಕಿಂತ ಕಡಿಮೆ ಇರಬಾರದೆಂದೂ ಹೇಳುತ್ತದೆ. ನಮ್ಮ ಬಡಾವಣೆಯ ಜನಸಂಖ್ಯೆ ಆರು ಸಾವಿರದ ಆಸುಪಾಸಿನದು. ಹಾಗಾಗಿ ಬಾಗಿಲು ತೆರೆಯುವ ದಿನಕ್ಕೆ 9,000 ಪುಸ್ತಕಗಳು ಎಂದು ಗೊತ್ತುಮಾಡಿಕೊಂಡೆವು. ಆದರೆ ವಾಸ್ತುಶಿಲ್ಪಿಗೆ ‘9,000 ಪುಸ್ತಕ’ ಎಂದರೆ ಏನೂ ಹೇಳಿದಂತಾಗುವುದಿಲ್ಲ. ಅವರಿಗೆ ಬೇಕಾದದ್ದು ಮೀಟರುಗಳು ಮತ್ತು ಕಿಲೋಗಳು. ಕೇಂದ್ರ ಗ್ರಂಥಾಲಯಕ್ಕೆ ಹೋಗಿ ಟೇಪು ಹಿಡಿದು ಬೇರೆ ಬೇರೆ ಸಾಲುಗಳನ್ನು ಅಳೆದೆ. ಕಥೆ ಕಾದಂಬರಿಗಳು ಮೀಟರಿಗೆ 38ರಷ್ಟು ಬಂದವು, ಪರಾಮರ್ಶನ ಗ್ರಂಥಗಳು 18, ಮಕ್ಕಳ ತೆಳು ಪುಸ್ತಕಗಳು 70ಕ್ಕೂ ಹೆಚ್ಚು. ಒಟ್ಟಾರೆ ಸರಾಸರಿ 32 ಎಂದು ಹಿಡಿದರೆ 9,000 ಪುಸ್ತಕಗಳಿಗೆ 281 ಮೀಟರ್ ಹಲಗೆ ಬೇಕು. ಹಲಗೆಯನ್ನು ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತುಂಬಿದರೆ ಹೊಸ ಪುಸ್ತಕವೊಂದನ್ನು ಸೇರಿಸಲು ಇಡೀ ಸಾಲನ್ನೇ ಸರಿಸಬೇಕಾಗುತ್ತದೆ; ಆದ್ದರಿಂದ 422 ಮೀಟರ್. ಎರಡೂ ಮುಖಗಳಿರುವ, ಮುಖಕ್ಕೆ ಐದು ಹಲಗೆಗಳಿರುವ, 75 ಸೆಂಟಿಮೀಟರ್ ಅಗಲದ ಒಂದು ಖಾನೆಯಲ್ಲಿ 7.5 ಮೀಟರ್ ಹಲಗೆ ದೊರೆಯುವುದರಿಂದ ನಮಗೆ ಬೇಕಾದ ಖಾನೆಗಳು ಸುಮಾರು 56. ಈ ಒಂದು ಸಂಖ್ಯೆಯನ್ನು ಕಾಗದದಲ್ಲಿ ದೊಡ್ಡದಾಗಿ ಬರೆದು ನಕ್ಷೆಯ ಮೇಲೆ ಅಂಟಿಸಿದೆ. ಉಳಿದೆಲ್ಲ ಅಳತೆಗಳು ಇದರಿಂದ ಹುಟ್ಟಬೇಕೆಂಬುದು ನನ್ನ ಹಟವಾಗಿತ್ತು.

ವಾಸ್ತುಶಿಲ್ಪಿ ತಂದ ಮೊದಲ ನಕ್ಷೆಯಲ್ಲಿ ಕಂಬಗಳು 5 ಮೀಟರಿಗೊಂದರಂತೆ ನಿಂತಿದ್ದವು. ಕಚೇರಿ ಕಟ್ಟಡಗಳಿಗೆ ಒಗ್ಗಿದ ಅಳತೆ ಅದು. ತೊಲೆಗಳು ತೆಳ್ಳಗಾಗುತ್ತವೆ, ಕಬ್ಬಿಣ ಉಳಿಯುತ್ತದೆ. ನಮ್ಮ ಕಪಾಟಿನ ಸಾಲುಗಳಾದರೋ ಮಧ್ಯದಿಂದ ಮಧ್ಯಕ್ಕೆ 1.8 ಮೀಟರ್ ಅಂತರದಲ್ಲಿರಬೇಕಾಗಿತ್ತು, ಏಕೆಂದರೆ ಎರಡು ಮುಖದ ಕಪಾಟಿನ ದಪ್ಪ 50 ಸೆಂಟಿಮೀಟರ್ ಹೋಗಿ ನಡುವೆ ಉಳಿಯುವ 1.3 ಮೀಟರ್ ಓಣಿಯಲ್ಲಿ ಒಬ್ಬರು ಕುಳಿತು ಕೆಳಹಲಗೆ ನೋಡುತ್ತಿರುವಾಗ ಇನ್ನೊಬ್ಬರು ಹಿಂದಿನಿಂದ ಹಾದುಹೋಗಲು ಸಾಧ್ಯ. ನಕ್ಷೆಯ ಮೇಲೆ ಸಾಲುಗಳನ್ನು ಪೆನ್ಸಿಲಿನಲ್ಲಿ ಬರೆದು ನೋಡಿದಾಗ ಮೊದಲ ಕಂಬವು ಸಾಲಿನ ಅಂಚನ್ನು ತಬ್ಬಿಕೊಂಡು ನಿಂತಿತ್ತು. 10 ಮೀಟರಿನಲ್ಲಿದ್ದ ಎರಡನೆಯ ಕಂಬವಂತೂ ಓಣಿಯ ನಡುವೆಯೇ ಬಿದ್ದು ಒಂದು ಪಕ್ಕ 60, ಇನ್ನೊಂದು ಪಕ್ಕ 40 ಸೆಂಟಿಮೀಟರ್ ದಾರಿ ಬಿಟ್ಟಿತ್ತು. ಗಾಲಿಕುರ್ಚಿ ಹಾಯಲು ಕನಿಷ್ಠ 90 ಬೇಕು.

“ಕಂಬ ಎಲ್ಲಾದರೂ ಒಂದು ಕಡೆ ನಿಲ್ಲಲೇಬೇಕಲ್ಲ ಮೇಡಂ” ಎಂದರು ಗುತ್ತಿಗೆದಾರರು. ಎಲ್ಲಿ ನಿಲ್ಲಬೇಕೆಂಬುದೇ ಪ್ರಶ್ನೆ. ಈ ಪ್ರಶ್ನೆ ಹಳೆಯದು. 20ನೆಯ ಶತಮಾನದ ನಡುಭಾಗದಲ್ಲಿ ಅಮೆರಿಕದ ಗ್ರಂಥಾಲಯಗಳು 22 ಅಡಿ 6 ಅಂಗುಲದ ಕಂಬದಂತರವನ್ನು ಬಹಳವಾಗಿ ಬಳಸಿದ್ದರ ಹಿಂದೆ ಸರಳವಾದ ಗುಣಾಕಾರವಿದೆ: ನಾಲ್ಕೂವರೆ ಅಡಿಗೊಂದು ಕಪಾಟಿನ ಸಾಲು, ಅಂಥ ಐದು ಸಾಲುಗಳಿಗೆ ಒಂದು ಕಂಬ. ನಾವೂ ಅದೇ ದಾರಿಯಲ್ಲಿ 1.8ನ್ನು ನಾಲ್ಕರಿಂದ ಗುಣಿಸಿ 7.2 ಮೀಟರ್ ಎಂದು ತೀರ್ಮಾನಿಸಿದೆವು. ಆಗ ಪ್ರತಿ ಕಂಬವೂ ಕಪಾಟಿನ ಸಾಲಿನೊಳಗೇ ಅಡಗಿತು. ಅಲ್ಲಲ್ಲಿ ಒಂದೊಂದು ಖಾನೆಯ ಜಾಗ ಹೋಯಿತೇ ಹೊರತು ಓಣಿಗಳೆಲ್ಲ ತೆರವಾದವು. ಇದಕ್ಕೆ ಬೆಲೆ ತೆರದೆ ಆಗಲಿಲ್ಲ: ತೊಲೆಯ ಆಳ 60 ಸೆಂಟಿಮೀಟರಿಗೆ ಏರಿತು, ಅದಕ್ಕಾಗಿ ಛಾವಣಿಯನ್ನು 15 ಸೆಂಟಿಮೀಟರ್ ಎತ್ತರಿಸಬೇಕಾಯಿತು. ಹೀಗೆ ಕಟ್ಟಡದ ಉದ್ದ 21.6, ಅಗಲ 14.4 ಮೀಟರ್ ಎಂದು ನಿಂತಿತು. ಎರಡೂ ಅಂಕಿಗಳನ್ನು 1.8ರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ.

ಭಾರದ ಮಾತು ಇದಕ್ಕಿಂತ ಗಂಭೀರವಾದದ್ದು. ಪುಸ್ತಕಗಳ ಒಂದು ಮೀಟರ್ ಸಾಲು ಸುಮಾರು 30 ಕಿಲೋ ತೂಗುತ್ತದೆ. ದಪ್ಪ ಹೊಳಪು ಕಾಗದದ ಗ್ರಂಥಗಳಾದರೆ ಇನ್ನೂ ಹೆಚ್ಚು. ಪೂರ್ಣ ತುಂಬಿದ ನಮ್ಮ ಒಂದು ಖಾನೆಯ ಪುಸ್ತಕಗಳೇ 225 ಕಿಲೋ, ಉಕ್ಕಿನ ಚೌಕಟ್ಟು ಸೇರಿದರೆ 275ರ ಹತ್ತಿರ. ಇದನ್ನು ಓಣಿಯೂ ಸೇರಿದಂತೆ ಹರಡಿ ಲೆಕ್ಕ ಹಾಕಿದರೆ ಚದರ ಮೀಟರಿಗೆ 200 ಕಿಲೋ ಮಾತ್ರ. ಕಪಾಟಿನ ಪಾದದಡಿಯಷ್ಟನ್ನೇ ತೆಗೆದುಕೊಂಡರೆ 730 ಕಿಲೋ. ನಿರ್ಮಾಣ ಸಂಹಿತೆಗಳು ಪುಸ್ತಕ ಸಂಗ್ರಹದ ಕೋಣೆಗೆ ಅಷ್ಟೊಂದು ಭಾರ ಹಿಡಿಯುವುದು ಇದಕ್ಕಾಗಿಯೇ: ಭಾರತದ ಐಎಸ್ 875 ಮಾನಕವು 2.2 ಮೀಟರ್ ಎತ್ತರದವರೆಗಿನ ಕಪಾಟುಗಳಿಗೆ ಚದರ ಮೀಟರಿಗೆ 6 ಕಿಲೋನ್ಯೂಟನ್ (ಸುಮಾರು 600 ಕಿಲೋ ತೂಕದ ಭಾರ) ಹಿಡಿದು, ಅದಕ್ಕೂ ಮೇಲಿನ ಪ್ರತಿ ಮೀಟರ್ ಎತ್ತರಕ್ಕೆ 2ನ್ನು ಸೇರಿಸುತ್ತದೆ. ಅಮೆರಿಕದ ಮಾನಕ ಸುಮಾರು 7.2, ಯೂರೋಪಿನದು 7.5. ವಾಸದ ಮನೆಯ ಕೋಣೆಗೆ ಈ ಅಂಕಿ 2ರ ಆಸುಪಾಸು. ಕಪಾಟು ಬರುವ ಭಾಗದಲ್ಲಿ ಮಾತ್ರ ನೆಲವನ್ನು ಬಲಪಡಿಸಿ ಓದುವ ಭಾಗವನ್ನು ಹಗುರಾಗಿ ಬಿಡೋಣ ಎಂಬ ಸಲಹೆ ಬಂದಾಗ ನಾನು ಒಪ್ಪಲಿಲ್ಲ. ಗ್ರಂಥಾಲಯವು ಬೆಳೆಯುವ ಜೀವಿ ಎಂದು ಎಸ್. ಆರ್. ರಂಗನಾಥನ್ 1931ರಲ್ಲೇ ಸೂತ್ರವಾಗಿ ಹೇಳಿಟ್ಟಿದ್ದಾರೆ. ಬೆಳೆಯುವುದೆಂದರೆ ಇಂದು ಮೇಜು ಇರುವಲ್ಲಿ ನಾಳೆ ಕಪಾಟು ಬರುತ್ತದೆ, ಇಂದಿನ ಅಗಲ ಓಣಿ ನಾಳೆ ಕಿರಿದಾಗುತ್ತದೆ. ಆದ್ದರಿಂದ ಇಡೀ ನೆಲವನ್ನೂ ಕಪಾಟಿನ ಭಾರಕ್ಕೆ ಲೆಕ್ಕ ಹಾಕಿಸಿದೆವು. ಒಂದೇ ಅಂತಸ್ತಿನ ಕಟ್ಟಡವಾದ್ದರಿಂದ ಭಾರ ನೇರವಾಗಿ ಮಣ್ಣಿಗೆ ಇಳಿಯುತ್ತಿತ್ತು, ಹಾಗಾಗಿ ಇದು ಅಂಥ ದುಬಾರಿಯ ಮಾತೂ ಆಗಿರಲಿಲ್ಲ.

ಮಣ್ಣಿಗೆ ಇಳಿಯುತ್ತದೆ ಎಂದ ಮೇಲೆ ಮಣ್ಣನ್ನು ನಂಬುವಂತಿರಬೇಕು. ಒಂಬತ್ತನೆಯ ವಾರ ಬೆಳಿಗ್ಗೆ ಹೋಗಿ ನೋಡಿದರೆ ಅಡಿಪಾಯದ ಗೋಡೆಗಳ ನಡುವಿನ ಭಾಗಕ್ಕೆ 60 ಸೆಂಟಿಮೀಟರ್ ಮಣ್ಣನ್ನು ಒಂದೇ ಸಲಕ್ಕೆ ಸುರಿದು ಮೇಲೆ ನೀರು ಹಾಯಿಸಿದ್ದರು. ಮೇಲ್ಭಾಗ ಗಟ್ಟಿಯಾಗಿತ್ತು. ಮೇಸ್ತ್ರಿ ಅದರ ಮೇಲೆ ಕುಣಿದು ತೋರಿಸಿದರು. ಒಂದು ಕಬ್ಬಿಣದ ಸಲಾಕೆಯನ್ನು ಚುಚ್ಚಿದಾಗ ಮೊದಲ ಒಂದು ಗೇಣು ಪ್ರಯಾಸದಿಂದ ಇಳಿದು, ಆಮೇಲೆ ಬೆಣ್ಣೆಯೊಳಗೆ ಹೋದಂತೆ ಹೋಯಿತು. ದಮ್ಮಸ್ಸಿನ ಪೆಟ್ಟು ಆಳಕ್ಕೆ ತಲುಪುವುದಿಲ್ಲ. 20 ಸೆಂಟಿಮೀಟರಿನ ಪದರಗಳಲ್ಲಿ ಹಾಕಿ, ಹದವಾಗಿ ನೀರು ಚಿಮುಕಿಸಿ, ಪ್ರತಿ ಪದರವನ್ನೂ ಪ್ರತ್ಯೇಕವಾಗಿ ದಮ್ಮಸ್ಸು ಮಾಡಬೇಕು. ಎಲ್ಲವನ್ನೂ ತೆಗೆಸಿ ಮತ್ತೆ ಮೂರು ಪದರಗಳಲ್ಲಿ ಹಾಕಿಸಿದೆವು. ಹನ್ನೊಂದು ದಿನ ಹೋದವು, ಮುಖಗಳೂ ಒಂದಷ್ಟು ದಿನ ಊದಿಕೊಂಡವು. ನೆಲ ಕುಸಿದರೆ ಓದುಗರಿಗೆ ಮೊದಲು ಕಾಣುವುದು ಹೆಂಚಿನ ಬಿರುಕು. ನಮಗೆ ಕಾಣುವುದು ಒಂದಕ್ಕೊಂದು ಬಿಗಿದ ಕಪಾಟಿನ ಸಾಲು ಸಾಲೇ ಓರೆಯಾಗುವುದು.

ಅದೇ ಹಂತದಲ್ಲಿ ಗೆದ್ದಲಿನ ಔಷಧಿಯ ಕೆಲಸವೂ ಆಗಬೇಕು, ಏಕೆಂದರೆ ಕಾಂಕ್ರೀಟು ಬಿದ್ದ ಮೇಲೆ ಮಣ್ಣು ಮತ್ತೆ ಕೈಗೆ ಸಿಗುವುದಿಲ್ಲ. ಭರ್ತಿ ಮಣ್ಣಿನ ಸಮತಲಕ್ಕೆ ಚದರ ಮೀಟರಿಗೆ 5 ಲೀಟರ್, ಅಡಿಪಾಯದ ಗೋಡೆಯ ಪಕ್ಕಗಳಿಗೆ 7.5 ಲೀಟರ್ ದ್ರಾವಣ ಎಂಬ ಲೆಕ್ಕದಲ್ಲಿ ಸಿಂಪಡಿಸಲಾಯಿತು. ಆ ರಾತ್ರಿಯೇ ಮಳೆ ಬಂತು. ಮೇಲ್ಪದರದ ಔಷಧಿ ಕೊಚ್ಚಿಹೋಗಿರುವ ಸಾಧ್ಯತೆ ಇದ್ದುದರಿಂದ ಸಮತಲದ ಭಾಗವನ್ನು ಇನ್ನೊಮ್ಮೆ ಮಾಡಿಸಿ, ಕೂಡಲೇ ಪ್ಲಾಸ್ಟಿಕ್ ಹಾಳೆ ಹೊದಿಸಿ, ಮರುದಿನವೇ ಕಾಂಕ್ರೀಟು ಹಾಕಿಸಿದೆವು. ಇದೆಲ್ಲ ಮುಗಿದು ಎರಡು ತಿಂಗಳಾದ ಮೇಲೆ ವಿದ್ಯುತ್ ಕೆಲಸದವರು ಮೇಜಿನ ಕೆಳಗಿನ ಪ್ಲಗ್ಗಿಗೆಂದು ನೆಲ ಕೊರೆದು ಕೊಳವೆ ಇಳಿಸಿದ್ದು ನನ್ನ ಕಣ್ಣಿಗೆ ಬಿತ್ತು. ಗೆದ್ದಲು ಒಳಗೆ ಬರುವುದು ಇಂಥ ಕೊಳವೆಗಳ ಸುತ್ತಲಿನ ಸಂದಿಗಳಿಂದಲೇ. ಆ ರಂಧ್ರದ ಸುತ್ತ ಮತ್ತೆ ಔಷಧಿ ಇಳಿಸಿ, ಸಂದಿಯನ್ನು ಗಾರೆಯಿಂದ ಬಿಗಿ ಮಾಡಿಸಿ, ಇನ್ನು ಮುಂದೆ ನೆಲ ಕೊರೆಯುವ ಮೊದಲು ನನ್ನ ಸಹಿ ಬೇಕೆಂದು ಬಾಗಿಲಿಗೆ ಚೀಟಿ ಅಂಟಿಸಿದೆ.

ನೆಲದ ಕಾಂಕ್ರೀಟು ಒಣಗಿದ ಮೇಲೆ, ಗೋಡೆ ಏಳುವ ಮೊದಲು, ನಾವು ಮಾಡಿದ ಒಂದು ಕೆಲಸವನ್ನು ವಿಶೇಷವಾಗಿ ಹೇಳಬೇಕು. ಇಡೀ ವಿನ್ಯಾಸವನ್ನು ನಿಜ ಅಳತೆಯಲ್ಲಿ ಸುಣ್ಣದ ಪುಡಿಯಿಂದ ನೆಲದ ಮೇಲೆ ಎಳೆದೆವು: ಕಪಾಟುಗಳು, ಮೇಜುಗಳು, ಎರವಲು ಕೌಂಟರು, ಬಾಗಿಲು ತೆರೆಯುವ ಅರ್ಧವೃತ್ತ, ಎಲ್ಲವನ್ನೂ. ಕಪಾಟಿನ ಜಾಗದಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಎದೆಮಟ್ಟ ಪೇರಿಸಿದೆವು. ಗಾಲಿಕುರ್ಚಿ ಬಳಸುವ ಇಬ್ಬರು ಓದುಗರನ್ನೂ ತಳ್ಳುಗಾಡಿಯಲ್ಲಿ ಮಗುವಿದ್ದ ಒಬ್ಬ ತಾಯಿಯನ್ನೂ ಕರೆಸಿ, ಬಾಗಿಲಿನಿಂದ ಕೊನೆಯ ಓಣಿಯವರೆಗೆ ಹೋಗಿಬರಲು ಕೇಳಿಕೊಂಡೆವು. ಒಂದು ಮಧ್ಯಾಹ್ನದಲ್ಲಿ ಮೂರು ದೋಷಗಳು ಹೊರಬಂದವು. ಮುಂಬಾಗಿಲಿನ ರ‍್ಯಾಂಪು ನಕ್ಷೆಯಲ್ಲಿ 3 ಮೀಟರ್ ಉದ್ದವಿತ್ತು. ಒಳನೆಲ ಹೊರಗಿನ ಮಟ್ಟಕ್ಕಿಂತ 45 ಸೆಂಟಿಮೀಟರ್ ಎತ್ತರವಿದ್ದುದರಿಂದ 1:12ರ ಇಳಿಜಾರಿಗೆ 5.4 ಮೀಟರ್ ಬೇಕು. ಮುಂದೆ ಅಷ್ಟು ಜಾಗವಿಲ್ಲದೆ, ನಡುವೆ ಸಮತಟ್ಟಾದ ತಿರುವು ಕೊಟ್ಟು ಮೊಣಕೈಯ ಹಾಗೆ ಬಾಗಿಸಿದೆವು. ಮಕ್ಕಳ ವಿಭಾಗದ ಶೌಚಾಲಯದ ಬಾಗಿಲು ಒಳಮುಖವಾಗಿ ತೆರೆದು ಗಾಲಿಕುರ್ಚಿಗೆ ತಿರುಗಲು ಜಾಗ ಬಿಡುತ್ತಿರಲಿಲ್ಲ, ಹೊರಮುಖ ಮಾಡಿದೆವು. ಮೂರನೆಯದು ಕೌಂಟರಿನ ಜಾಗ.

ಶಾಖಾ ಗ್ರಂಥಾಲಯದಲ್ಲಿ ಬಹುಪಾಲು ಹೊತ್ತು ಕೆಲಸದಲ್ಲಿರುವವರು ಒಬ್ಬರೇ. ಆಂಡ್ರ್ಯೂ ಕಾರ್ನೆಗಿಯ ದಾನದಿಂದ 1883ರಿಂದ 1929ರವರೆಗೆ ಜಗತ್ತಿನಾದ್ಯಂತ 2,509 ಗ್ರಂಥಾಲಯಗಳು ಎದ್ದವು. ಆರಂಭದಲ್ಲಿ ಹಲವು ಊರುಗಳು ಆ ಹಣವನ್ನು ಗುಮ್ಮಟ ಕಂಬಸಾಲುಗಳಿಗೆ ಸುರಿದದ್ದನ್ನು ಕಂಡ ಅವರ ಕಾರ್ಯದರ್ಶಿ ಜೇಮ್ಸ್ ಬರ್ಟ್ರಂ 1911ರಲ್ಲಿ ಕಟ್ಟಡಗಳ ಬಗ್ಗೆ ಒಂದು ಟಿಪ್ಪಣಿಯನ್ನು ಹೊರಡಿಸಿದರು. ಸರಳವಾದ ಆಯತಾಕಾರದ ಕಟ್ಟಡ, ಒಬ್ಬರೇ ಗ್ರಂಥಪಾಲಕರು ನಿಂತಲ್ಲಿಂದ ಇಡೀ ಅಂತಸ್ತನ್ನು ನೋಡಿಕೊಳ್ಳುವಂಥ ವಿನ್ಯಾಸ: ಅದರ ತಿರುಳು ಇದು. ಇಂದಿಗೂ ಅದನ್ನು ಮೀರಿಸುವ ಸಲಹೆಯನ್ನು ನಾನು ಕಂಡಿಲ್ಲ. ನಮ್ಮ ನಕ್ಷೆಯಲ್ಲಿ ಕೌಂಟರು ಬಾಗಿಲಿನ ಎಡಗೋಡೆಗೆ ಒರಗಿತ್ತು. ಸುಣ್ಣದ ಗೆರೆಯೊಳಗೆ ಸ್ಟೂಲು ಹಾಕಿ ಕುಳಿತು ನೋಡಿದರೆ ಪೆಟ್ಟಿಗೆಗಳ ಸಾಲುಗಳು ಅಡ್ಡ ಬಂದು ಒಂದು ಓಣಿಯೂ ಕಾಣುತ್ತಿರಲಿಲ್ಲ. ಸ್ಟೂಲನ್ನು ಒಂದೊಂದು ಹೆಜ್ಜೆ ಸರಿಸುತ್ತಾ ಹೋಗಿ, ಎಂಟು ಓಣಿಗಳಲ್ಲಿ ಆರು ಕಾಣುವ ಜಾಗ ಸಿಕ್ಕಲ್ಲಿ ನಿಲ್ಲಿಸಿದೆವು. ನಡುಭಾಗದ ಕಪಾಟುಗಳನ್ನು 1.35 ಮೀಟರಿಗೆ ಇಳಿಸಿ, ಕಳೆದುಕೊಂಡ ಹಲಗೆಗಳನ್ನು ಗೋಡೆಯ ಪಕ್ಕದ 1.8 ಮೀಟರ್ ಎತ್ತರದ ಕಪಾಟುಗಳಲ್ಲಿ ಗಳಿಸಿಕೊಂಡೆವು.

ಗೋಡೆ, ಸೆಂಟ್ರಿಂಗು, ತಾರಸಿ: ಇವು ಎಲ್ಲ ಕಟ್ಟಡಗಳಲ್ಲಿ ನಡೆಯುವಂತೆಯೇ ನಡೆದವು. ಗ್ರಂಥಾಲಯಕ್ಕೆಂದೇ ಎರಡು ಎಚ್ಚರಗಳಿದ್ದವು. ತಾರಸಿಯ ಮಳೆನೀರಿನ ಕೊಳವೆಯೊಂದು ಕಂಬದ ಪಕ್ಕದಲ್ಲಿ ಗೂಡು ಕಟ್ಟಿಕೊಂಡು ಕಟ್ಟಡದ ಒಳಗಿನಿಂದಲೇ, ಅದೂ ಕಪಾಟಿನ ಬೆನ್ನ ಹಿಂದಿನಿಂದ ಇಳಿಯುವಂತೆ ನಕ್ಷೆಯಲ್ಲಿತ್ತು. ಕಂಡಾಗಲೇ ಅದನ್ನು ಹೊರಗೋಡೆಗೆ ಸಾಗಿಸಿದೆವು. ಪುಸ್ತಕವಿರುವ ಗೋಡೆಯಲ್ಲಿ ನೀರಿನ ಕೊಳವೆ ಇರಕೂಡದು, ಶೌಚಾಲಯದ ಗೋಡೆಗೆ ಕಪಾಟು ತಾಗಕೂಡದು. ತಾರಸಿಗೆ ಅಂಚುಕಟ್ಟೆ ಮಾಡಿ ಮೂರು ದಿನ ನೀರು ನಿಲ್ಲಿಸಿದಾಗ ಕೊಳವೆಯ ಬಾಯಿಯ ಬಳಿ ಅಂಗೈಯಗಲದ ತೇವ ಕಾಣಿಸಿತು. ದುರಸ್ತಿ ಮಾಡಿ ಮತ್ತೆ ಮೂರು ದಿನ ನಿಲ್ಲಿಸಿದೆವು.

ಕಪಾಟಿನ ಹಲಗೆಯ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಮಕ್ಕಳ ವಿಭಾಗಕ್ಕೂ ಗೋಡೆಯ ಪಕ್ಕಕ್ಕೂ ಮರದ ಕಪಾಟುಗಳಿರಲಿ ಎಂಬ ಅಪೇಕ್ಷೆಯಿತ್ತು, ಮತ್ತು ಬಂದ ಮಾದರಿಯು 18 ಮಿಲಿಮೀಟರ್ ಪಾರ್ಟಿಕಲ್ ಬೋರ್ಡಿನ, 90 ಸೆಂಟಿಮೀಟರ್ ಉದ್ದದ ಹಲಗೆಗಳದ್ದು. ನೋಡಲು ಚೆನ್ನಾಗಿತ್ತು. ಲೆಕ್ಕ ಹಾಕಿದರೆ ಮೀಟರಿಗೆ 30 ಕಿಲೋ ಭಾರದಲ್ಲಿ ಅದು ನಡುವೆ 8 ಮಿಲಿಮೀಟರಿಗಿಂತ ಹೆಚ್ಚು ಬಾಗಬೇಕು. ಲೆಕ್ಕವನ್ನು ಯಾರೂ ನಂಬದಿದ್ದಾಗ ಪ್ರಯೋಗ ಮಾಡಿದೆವು: ಹಲಗೆಯ ಎರಡು ತುದಿಗಳಿಗೆ ದಾರ ಬಿಗಿದು, ಪುಸ್ತಕ ತುಂಬಿ, ದಾರದಿಂದ ಹಲಗೆಗೆ ಇರುವ ಅಂತರವನ್ನು ಅಳೆದೆವು. ಮೊದಲ ದಿನ 9 ಮಿಲಿಮೀಟರ್. ಹಾಗೇ ಬಿಟ್ಟು ಆರು ವಾರದ ನಂತರ ಅಳೆದಾಗ 14. ಮರದ ಪುಡಿಯನ್ನು ಅಂಟಿನಿಂದ ಒತ್ತಿದ ಹಲಗೆಯ ಸ್ವಭಾವವೇ ಹಾಗೆ. ಭಾರ ಹೆಚ್ಚದಿದ್ದರೂ ಕಾಲ ಕಳೆದಂತೆ ಬಾಗುತ್ತಲೇ ಹೋಗುತ್ತದೆ, ಮತ್ತು ಪುಸ್ತಕ ತೆಗೆದ ಮೇಲೂ ಪೂರ್ತಿ ನೇರವಾಗುವುದಿಲ್ಲ.

ಪರಿಹಾರ ಮಾತ್ರ ಸುಲಭದ್ದು. ಸಮನಾಗಿ ಹರಡಿದ ಭಾರದಡಿ ಹಲಗೆಯ ಬಾಗು ಅದರ ಉದ್ದದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ, ದಪ್ಪದ ಮೂರನೆಯ ಘಾತಕ್ಕೆ ಅನುಗುಣವಾಗಿ ಇಳಿಯುತ್ತದೆ. ಉದ್ದವನ್ನು 90ರಿಂದ 75 ಸೆಂಟಿಮೀಟರಿಗೆ ಇಳಿಸಿದರೆ ಸಾಕು, ಬಾಗು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ದಪ್ಪವನ್ನು 18ರಿಂದ 25 ಮಿಲಿಮೀಟರಿಗೆ ಏರಿಸಿದರೆ ಉಳಿದದ್ದೂ ಮೂರರಲ್ಲೊಂದು ಪಾಲಿನ ಹತ್ತಿರಕ್ಕೆ ಬರುತ್ತದೆ. ಎರಡನ್ನೂ ಮಾಡಿದಾಗ ನಮ್ಮ ಲೆಕ್ಕದ ಬಾಗು ಒಂದೂವರೆ ಮಿಲಿಮೀಟರಿಗೆ ಇಳಿಯಿತು. ಅದರ ಮೇಲೆ ಪಾರ್ಟಿಕಲ್ ಬೋರ್ಡನ್ನು ಬಿಟ್ಟು ಪ್ಲೈವುಡ್ ಆರಿಸಿ, ಮುಂಭಾಗದ ಅಂಚಿಗೆ 40 ಮಿಲಿಮೀಟರ್ ಆಳದ ಮರದ ಪಟ್ಟಿಯನ್ನು ಕೆಳಮುಖವಾಗಿ ಹೊಡೆಸಿದೆವು. ಬಡಗಿಯೇ ಆ ಪಟ್ಟಿಯ ಸಲಹೆ ಕೊಟ್ಟದ್ದು, ಯಾವ ಘಾತದ ಲೆಕ್ಕವನ್ನೂ ಹಾಕದೆ. ಕೆಳಗಿನ ಎರಡು ಹಲಗೆಗಳನ್ನು ಸುಮಾರು 15 ಡಿಗ್ರಿ ಹಿಂದಕ್ಕೆ ವಾಲಿಸಿದ್ದರಿಂದ ಪುಸ್ತಕದ ಬೆನ್ನಿನ ಕ್ರಮಾಂಕವು ನಿಂತಲ್ಲಿಂದಲೇ ಕಾಣುವಂತಾಯಿತು. ಎತ್ತರದ ಕಪಾಟುಗಳನ್ನೆಲ್ಲ ಗೋಡೆಗೆ ಬೋಲ್ಟು ಹಾಕಿ ಬಿಗಿದಿದ್ದೇವೆ. ಮಗುವೊಂದು ಹಲಗೆಯನ್ನು ಏಣಿಯಾಗಿ ಬಳಸುವುದು ಯಾವ ಗ್ರಂಥಾಲಯದಲ್ಲೂ ತಪ್ಪಿದ್ದಲ್ಲ.

ದೀಪಗಳು ಮೊದಲು ಸಭಾಂಗಣಕ್ಕೆ ಹಾಕುವ ಚೌಕಗಳಂತೆ, ಕಪಾಟುಗಳ ಗೊಡವೆಯಿಲ್ಲದೆ ಕುಳಿತಿದ್ದವು. ಮೇಜಿನ ಮೇಲೆ ಬೆಳಕಿನ ಅಳತೆ 500 ಲಕ್ಸ್ ಇತ್ತು, ಅದು ಓದಲು ಸಾಕಾದ ಮಟ್ಟವೇ. ಆದರೆ ಕಪಾಟಿನಲ್ಲಿ ಬೆಳಕು ಬೀಳಬೇಕಾದದ್ದು ಪುಸ್ತಕದ ಬೆನ್ನಿನ ಮೇಲೆ, ಅಂದರೆ ನೇರ ನಿಂತ ಮುಖದ ಮೇಲೆ. ಮಾಪಕವನ್ನು ಕೆಳಹಲಗೆಯ ಪುಸ್ತಕಗಳಿಗೆ ಒತ್ತಿ ಹಿಡಿದಾಗ ತೋರಿಸಿದ್ದು 55. ಅಲ್ಲಿ ಬೇಕಾದದ್ದು 200. ಓಣಿಗೊಂದು ಸಾಲು ದೀಪವನ್ನು ಓಣಿಯ ಉದ್ದಕ್ಕೇ ಹಾಕುವುದು ಸುಲಭದ ದಾರಿ, ಆದರೆ ಕಪಾಟು ಸರಿದ ದಿನ ದೀಪವೂ ಸರಿಯಬೇಕಾಗುತ್ತದೆ. ನಾವು ಉದ್ದನೆಯ ದೀಪಗಳನ್ನು ಸಾಲುಗಳಿಗೆ ಅಡ್ಡವಾಗಿ, ಹತ್ತಿರ ಹತ್ತಿರವಾಗಿ ಹಾಕಿಸಿ, ನೆಲಕ್ಕೆ ತಿಳಿಬಣ್ಣದ ಹೆಂಚನ್ನು ಆರಿಸಿದೆವು. ಕೆಳಹಲಗೆಗೆ ಬೆಳಕು ಬರುವುದರಲ್ಲಿ ನೆಲದ ಪಾಲೂ ದೊಡ್ಡದು. ಎರಡನೆಯ ಅಳತೆಯಲ್ಲಿ 190ರಿಂದ 210 ಬಂತು. ಹೆಂಚಿನ ಬಗ್ಗೆ ಇನ್ನೊಂದು ಮಾತು: ಸಂದುಗಳು ಅಗಲವಾಗಿದ್ದರೆ ಪುಸ್ತಕದ ಗಾಡಿ ಹೋಗುವಾಗ ಕಟಕಟನೆ ಸದ್ದು ಮಾಡುತ್ತದೆ, ಆ ಸದ್ದು ಇಡೀ ದಿನ ಇರುತ್ತದೆ. ತುಂಬಿದ ಗಾಡಿಯನ್ನು ಮಾದರಿ ಹೆಂಚಿನ ಮೇಲೆ ಓಡಿಸಿ, ಕಿವಿಗೊಟ್ಟು, ಆಮೇಲೆಯೇ ಆಯ್ಕೆ ಮಾಡಿದೆವು.

ಸದ್ದಿನ ಮಾತು ಬಂದದ್ದರಿಂದ ನನ್ನದೇ ಒಂದು ಕುರುಡುತನವನ್ನೂ ಬರೆಯುತ್ತೇನೆ. ಮಕ್ಕಳ ವಿಭಾಗವನ್ನು ಬಾಗಿಲಿನ ಹತ್ತಿರ, ಓದುವ ಮೂಲೆಯಿಂದ ದೂರ ಇಟ್ಟು, ನಡುವೆ ಗಾಜಿನ ತಡೆ ಹಾಕಿಸಿದ್ದೆವು. ಮಕ್ಕಳು ಕೌಂಟರಿಗೆ ಕಾಣುತ್ತಿದ್ದರು, ಧ್ವನಿ ಕೇಳಬಾರದಿತ್ತು. ಕೇಳುತ್ತಿತ್ತು, ಪದ ಪದವೂ ಕೇಳುತ್ತಿತ್ತು. ತಡೆಯು ಸುಳ್ಳು ಛಾವಣಿಯವರೆಗೆ ಮಾತ್ರ ಹೋಗಿ ನಿಂತಿತ್ತು. ಅದರ ಮೇಲಿನ ಟೊಳ್ಳಿನಲ್ಲಿ ಧ್ವನಿಯು ಆರಾಮವಾಗಿ ದಾಟಿ ಆಚೆ ಇಳಿಯುತ್ತಿತ್ತು. ನಕ್ಷೆಗೆ ಸಹಿ ಹಾಕುವಾಗ ನಾನು ಅಡ್ಡಸೀಳಿನ ಚಿತ್ರವನ್ನು ನೋಡಿರಲಿಲ್ಲ. ಟೊಳ್ಳಿನ ಭಾಗವನ್ನು ಕಾಂಕ್ರೀಟ್ ಛಾವಣಿಯವರೆಗೆ ಇಟ್ಟಿಗೆಯಂಥ ಹಗುರ ಬ್ಲಾಕುಗಳಿಂದ ಮುಚ್ಚಿಸಿದ ಮೇಲೆ ಉಳಿದದ್ದು ಗುಜುಗುಜು ಮಾತ್ರ.

ಮೂವತ್ತೆಂಟನೆಯ ವಾರಕ್ಕೆ ಬಣ್ಣವಾಗಿ, ಕಪಾಟು ನಿಂತು, ಉದ್ಘಾಟನೆಯ ದಿನಾಂಕದ ಮಾತು ಆರಂಭವಾಯಿತು. ಒಳಗಿನ ಆರ್ದ್ರತೆ ಶೇ 74 ತೋರಿಸುತ್ತಿತ್ತು, ಹೊರಗೆ 55. ಹೊಸ ಗೋಡೆ, ಗಿಲಾವು, ಕಾಂಕ್ರೀಟುಗಳು ತಿಂಗಳುಗಟ್ಟಲೆ ನೀರು ಬಿಡುತ್ತಿರುತ್ತವೆ. ಶೇ 65 ದಾಟಿದ ಗಾಳಿಯಲ್ಲಿ ಬಹಳ ದಿನ ಇಟ್ಟ ಕಾಗದಕ್ಕೆ ಬೂಷ್ಟು ಹಿಡಿಯುವ ಅಪಾಯವಿದೆ, ಒಮ್ಮೆ ಬಟ್ಟೆಯ ರಟ್ಟಿಗೆ ಹಿಡಿದ ಬೂಷ್ಟು ಸಾಲಿನುದ್ದಕ್ಕೂ ಹರಡುತ್ತದೆ. ನೆಲಕ್ಕೆ 45 ಸೆಂಟಿಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಗಳನ್ನು ನಾಲ್ಕು ಕಡೆ ಅಂಚಿಗೆ ಟೇಪು ಹಾಕಿ ಅಂಟಿಸಿ, ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಎತ್ತಿ ನೋಡಿದರೆ ಮೂರರ ಅಡಿಯಲ್ಲಿ ಹನಿಗಳಿದ್ದವು. ಆ ಹಾಳೆಗಳನ್ನೇ ಸಭೆಗೆ ಹಿಡಿದುಕೊಂಡು ಹೋದೆ. ಆರು ವಾರ ಮುಂದೂಡಿಕೆ ದೊರೆಯಿತು. ಹಗಲು ಹೊರಗಿನ ಗಾಳಿ ಒಣಗಿರುವ ಹೊತ್ತಿನಲ್ಲಿ ಕಿಟಕಿಗಳನ್ನೆಲ್ಲ ತೆರೆದು ಫ್ಯಾನು ಹಾಕುವುದು, ಸಂಜೆ ಮುಚ್ಚುವುದು, ಇಷ್ಟೇ ಕೆಲಸ. ಅಳತೆ ಸತತ ಎಂಟು ದಿನ ಶೇ 55ರ ಕೆಳಗೆ ನಿಂತ ಮೇಲೆ ಪುಸ್ತಕ ತರಿಸಿದೆ.

ಸುಮಾರು 8,400 ಕಿಲೋ ಪುಸ್ತಕ, ಒಂದೊಂದು ಪೆಟ್ಟಿಗೆಗೆ 15 ಕಿಲೋ ಮೀರದಂತೆ 560 ಪೆಟ್ಟಿಗೆಗಳು. ಪ್ರತಿ ಪೆಟ್ಟಿಗೆಯ ಮೇಲೆ ಖಾನೆಯ ಸಂಖ್ಯೆ, ಹಲಗೆಯ ಸಂಖ್ಯೆ. ಎಲ್ಲವೂ ಗಡಿಯಾರದಂತೆ ನಡೆದು, ಪುಸ್ತಕಗಳನ್ನು ವಿಷಯವಾರು ಅಂಕಿಗಳಲ್ಲಿ ವಿಂಗಡಿಸುವ ಡ್ಯೂಯಿ ದಶಮಾಂಶ ವರ್ಗೀಕರಣದ 000ದಿಂದ 300ರವರೆಗೆ ಹೋಗುವಷ್ಟರಲ್ಲಿ ಕೊಟ್ಟ ಖಾನೆಗಳು ಮುಗಿದುಹೋಗಿ ಇನ್ನೂ ಐದು ಖಾನೆಯಷ್ಟು ಪುಸ್ತಕಗಳು ನೆಲದ ಮೇಲೆ ಉಳಿದವು. ಕಾರಣ ಹುಡುಕಲು ದೂರ ಹೋಗಬೇಕಾಗಲಿಲ್ಲ. ವರ್ಗಗಳಿಗೆ ಖಾನೆ ಹಂಚುವಾಗ ನಾನು ಬಂದ ಪುಸ್ತಕಗಳನ್ನು ಬರೆದಿಡುವ ಪರಿಗ್ರಹಣ ದಾಖಲೆಯಲ್ಲಿದ್ದ ಸಂಖ್ಯೆಗಳನ್ನು ನೋಡಿ, ಎಲ್ಲಕ್ಕೂ ಮೀಟರಿಗೆ 32 ಎಂಬ ಒಂದೇ ಸರಾಸರಿಯನ್ನು ಹಾಕಿದ್ದೆ. ವಿಶ್ವಕೋಶ, ಕಾನೂನು, ಆಡಳಿತದ ದಪ್ಪ ಸಂಪುಟಗಳು ಮೊದಲ ವರ್ಗಗಳಲ್ಲಿ; ತೆಳ್ಳನೆಯ ಕವನ ಸಂಕಲನ, ನಾಟಕಗಳು 800ರಲ್ಲಿ. ಒಟ್ಟು ಉದ್ದ ಸರಿಯಾಗಿಯೇ ಇತ್ತು, ಹಂಚಿಕೆ ತಪ್ಪಿತ್ತು. ಕಂಬದ ಅಂತರವನ್ನು ಪುಸ್ತಕದ ಅಗಲದಿಂದ ಹುಟ್ಟಿಸಬೇಕೆಂದು ವರ್ಷವಿಡೀ ವಾದಿಸಿದವಳು ಕೊನೆಯಲ್ಲಿ ಪುಸ್ತಕಗಳನ್ನು ತಲೆ ಎಣಿಸಿ ಕೂರಿಸಲು ಹೊರಟಿದ್ದೆ. ಎರಡು ದಿನ ಟೇಪು ಹಿಡಿದು ವರ್ಗವಾರು ಅಳೆದು, ಚೀಟಿಗಳನ್ನೆಲ್ಲ ಬದಲಿಸಿ, ಮತ್ತೆ ಆರಂಭಿಸಿದೆವು.

ಬಾಗಿಲು ತೆರೆದು ಈಗ ಆರು ತಿಂಗಳು. ಮೊದಲ ತಿಂಗಳಲ್ಲಿ ಸರಿಪಡಿಸಿದ್ದು ಎರಡು. ಎರವಲು ಕೌಂಟರಿನ ಕೆಳಗೆ ಉಕ್ಕಿನ ತಗಡು ಇದ್ದುದರಿಂದ, ಪುಸ್ತಕವನ್ನು ರೇಡಿಯೊ ಅಲೆಯಿಂದ ಗುರುತಿಸಲು ಅಂಟಿಸಿದ ಆರ್‌ಎಫ್‌ಐಡಿ ಚಿಪ್ಪುಗಳನ್ನು ಓದುವ ಫಲಕವು ಮೂರರಲ್ಲೊಂದನ್ನು ಬಿಟ್ಟುಬಿಡುತ್ತಿತ್ತು. ಲೋಹವು ಅದರ ಆಂಟೆನಾವನ್ನು ಹದಗೆಡಿಸುತ್ತದೆ. ಫಲಕದಡಿ ಐದು ಸೆಂಟಿಮೀಟರ್ ದಪ್ಪದ ಮರದ ತುಂಡನ್ನಿಟ್ಟ ಮೇಲೆ ಸರಿಹೋಯಿತು. ಹೊತ್ತು ಮೀರಿ ಬಂದವರು ಪುಸ್ತಕ ಹಾಕಿಹೋಗುವ ಗೋಡೆಯ ಪೆಟ್ಟಿಗೆಗೆ ಗಾಳಿಮಳೆಯಲ್ಲಿ ಇರಚಲು ಹೊಡೆದು ನಾಲ್ಕು ಪುಸ್ತಕಗಳು ನೆನೆದವು. ಬಾಯಿಯ ಮೇಲೆ ಒಂದು ಗೇಣು ಚಾಚಿದ ತಗಡಿನ ಮರೆ ಹಾಕಿಸಿ, ಒಳಮುಖ ಇಳಿಜಾರಿದ್ದ ತುಟಿಯನ್ನು ಹೊರಮುಖ ಮಾಡಿಸಿದ್ದೇವೆ. ಮೊನ್ನೆ ಹಲಗೆಗಳಿಗೆ ಮತ್ತೆ ದಾರ ಹಿಡಿದು ನೋಡಿದೆ: ಅತಿ ಹೆಚ್ಚು ಬಾಗಿದ್ದು ಒಂದು ಮಿಲಿಮೀಟರ್. ಪೂರ್ವದ ಗೋಡೆಯು ಭಾರ ಹೊರದ ಗೋಡೆ. ಮುಂದೆ ಕಟ್ಟಡ ಬೆಳೆಸಬೇಕಾದರೆ ಅದನ್ನು ತೆಗೆದು ಇನ್ನೊಂದು 7.2 ಮೀಟರ್ ಸೇರಿಸಲು ಆಚೆ ಜಾಗವನ್ನು ಖಾಲಿ ಉಳಿಸಿಕೊಂಡಿದ್ದೇವೆ. ಸದ್ಯಕ್ಕೆ 800ರ ಸಾಲಿನ ಎರಡು ಖಾನೆಗಳು ಮುಕ್ಕಾಲು ತುಂಬಿವೆ. ಮುಂದಿನ ರಜೆಯ ದಿನ ಅದನ್ನು ಒಂದು ಖಾನೆಯಷ್ಟು ಬಲಕ್ಕೆ ಸರಿಸಬೇಕು.